ಪೊಲೀಸರನ್ನೇ ಪ್ರಶ್ನಿಸಬೇಕಾದಾಗ: ವಿಚಾರಣಾ ಆಯೋಗ ಏನು ಮಾಡಬಲ್ಲದು?

ಸೂಕ್ಷ್ಮ ಪ್ರಕರಣವೊಂದನ್ನು ಪೊಲೀಸರು ನಿಭಾಯಿಸಿದ ರೀತಿ ಬಗ್ಗೆ ಅನುಮಾನ ಎದ್ದಾಗಲೆಲ್ಲ 'ನ್ಯಾಯಾಂಗ ತನಿಖೆ ಆಗಲಿ' ಅಂತೀವಿ. ಅದರಿಂದ ಏನು ಸಿಗುತ್ತೆ, ಏನು ಸಿಗಲ್ಲ? ಹೈದರಾಬಾದಿನ 'ದಿಶಾ' ಪ್ರಕರಣವನ್ನೇ ನೋಡೋಣ.

ಏನಾಗಿತ್ತು?

2019ರ ನವೆಂಬರ್‌ನಲ್ಲಿ ನಗರದ ಹೊರವಲಯದಲ್ಲಿ ಯುವ ಪಶುವೈದ್ಯೆಯೊಬ್ಬರ ಅತ್ಯಾಚಾರ, ಕೊಲೆ ನಡೆಯಿತು. ನಾಲ್ವರ ಬಂಧನವಾಯಿತು. ಡಿಸೆಂಬರ್ 6ರ ಮುಂಜಾನೆ ಸ್ಥಳಕ್ಕೆ ಕರೆದೊಯ್ದಿದ್ದಾಗ ನಾಲ್ವರೂ ಪೊಲೀಸರ ಗುಂಡಿಗೆ ಸತ್ತರು. ಆರೋಪಿಗಳು ಪಿಸ್ತೂಲ್ ಕಿತ್ತುಕೊಂಡಿದ್ದರಿಂದ ಆತ್ಮರಕ್ಷಣೆಗೆ ಹೊಡೆದೆವು ಅಂದರು ಪೊಲೀಸರು. ಜನ ಅವರ ಮೇಲೆ ಹೂ ಎರಚಿದರು.

ಆಯೋಗದ ಬಲ

ಡಿಸೆಂಬರ್ 12ರಂದು ಸುಪ್ರೀಂ ಕೋರ್ಟ್ ನಿವೃತ್ತ ನ್ಯಾಯಮೂರ್ತಿ ವಿ.ಎಸ್. ಸಿರ್ಪುರ್ಕರ್ ನೇತೃತ್ವದಲ್ಲಿ ಮೂವರ ಆಯೋಗ ರಚಿಸಿತು. 1952ರ ವಿಚಾರಣಾ ಆಯೋಗಗಳ ಕಾಯ್ದೆಯಡಿ ಇಂಥ ಆಯೋಗಕ್ಕೆ ಸಿವಿಲ್ ಕೋರ್ಟಿನ ಅಧಿಕಾರ ಇರುತ್ತದೆ: ಯಾರನ್ನೇ ಆಗಲಿ ಸಮನ್ಸ್ ಕೊಟ್ಟು ಕರೆಸಬಹುದು, ಪ್ರಮಾಣ ಮಾಡಿಸಿ ಪ್ರಶ್ನಿಸಬಹುದು, ದಾಖಲೆ ತರಿಸಬಹುದು.

ಆರು ತಿಂಗಳ ಗಡುವಿದ್ದ ಕೆಲಸಕ್ಕೆ ಎರಡು ವರ್ಷ ದಾಟಿತು. 2022ರ ಜನವರಿಯಲ್ಲಿ ಸಲ್ಲಿಸಿದ ವರದಿಯಲ್ಲಿ ಆಯೋಗ ಹೇಳಿದ್ದು: ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ, ಸತ್ತವರಲ್ಲಿ ಮೂವರು ಅಪ್ರಾಪ್ತರು, 10 ಪೊಲೀಸರ ಮೇಲೆ ಕೊಲೆ ವಿಚಾರಣೆ ನಡೆಯಬೇಕು.

ಆಯೋಗದ ಮಿತಿ

ಆಯೋಗ ಶಿಕ್ಷೆ ಕೊಡೋ ಕೋರ್ಟ್ ಅಲ್ಲ. ಅದರ ವರದಿ ಬರೀ ಶಿಫಾರಸು ಅಂತ 1958ರ ದಾಲ್ಮಿಯಾ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಆಯೋಗದ ಮುಂದೆ ಒಬ್ಬರು ಕೊಟ್ಟ ಹೇಳಿಕೆಯನ್ನು, ಸುಳ್ಳು ಸಾಕ್ಷ್ಯದ ಕೇಸ್ ಬಿಟ್ಟರೆ, ಅವರ ವಿರುದ್ಧವೇ ಬಳಸುವಂತಿಲ್ಲ. ಹಾಗಾಗಿ ವರದಿ ಬಂದ ಮೇಲೂ ಎಫ್‌ಐಆರ್, ಸಾಕ್ಷ್ಯ, ವಿಚಾರಣೆ ಎಲ್ಲ ಬೇರೆಯಾಗಿಯೇ ನಡೀಬೇಕು. ಅಲ್ಲಿವರೆಗೆ ಆ ಪೊಲೀಸರೂ ಅಪರಾಧಿಗಳಲ್ಲ.

ಹಾಗಾದ್ರೆ ಯಾಕೆ ಬೇಕು?

ನಾನು ಓದಿದ್ದು ಎಂಜಿನಿಯರಿಂಗ್. ಅಲ್ಲಿ ಕಲಿತ ಒಂದು ಪಾಠ: ಸೇತುವೆ ಕುಸಿದರೆ, ಕಟ್ಟಿದವರು ಕೊಟ್ಟ ರಿಪೋರ್ಟೇ ಕೊನೆ ಮಾತಲ್ಲ. ಎನ್‌ಕೌಂಟರ್ ವಿಷಯದಲ್ಲಿ ಮಾತ್ರ ಪೊಲೀಸರ ಪ್ರೆಸ್‌ಮೀಟನ್ನೇ ತೀರ್ಪು ಅಂದ್ಕೋತೀವಿ. ಅದರ ನಷ್ಟ ಸಂತ್ರಸ್ತೆಯ ಮನೆಯವರಿಗೂ ಇದೆ. ನಾಲ್ವರೂ ಸತ್ತಿದ್ದರಿಂದ ಅವರ ಮೇಲಿನ ಸಾಕ್ಷ್ಯ ಕೋರ್ಟಿನಲ್ಲಿ ಪರೀಕ್ಷೆಗೇ ಬರಲಿಲ್ಲ. ಅಲ್ಲಿ ನಿಜಕ್ಕೂ ಏನಾಯ್ತು ಅನ್ನೋದನ್ನು ಯಾವ ನ್ಯಾಯಾಧೀಶರೂ ಹೇಳಲಿಲ್ಲ.

2022ರ ಮೇ ತಿಂಗಳಲ್ಲಿ ತೆಲಂಗಾಣ ಸರ್ಕಾರ ಈ ವರದಿಯನ್ನು ಮುಚ್ಚಿದ ಲಕೋಟೆಯಲ್ಲೇ ಇಡಿ ಅಂತ ಕೇಳಿತು. ಸುಪ್ರೀಂ ಕೋರ್ಟ್ ಒಪ್ಪದೆ, ಪ್ರಕರಣವನ್ನು ಹೈಕೋರ್ಟಿಗೆ ಕಳಿಸಿತು. ನನ್ನ ಪ್ರಕಾರ ಇಡೀ ಪ್ರಕ್ರಿಯೆಯಲ್ಲಿ ಹೆಚ್ಚು ತೂಕದ್ದು ಇದೇ. ವರದಿ ಹೊರಬರದಿದ್ದರೆ ಮೊದಲ ದಿನದ ಕಥೆಯೇ ನಮ್ಮ ಪಾಲಿಗೆ ಇತಿಹಾಸ ಆಗ್ತಿತ್ತು.

ಮುಂದೆ ಯಾವುದೇ ಸರ್ಕಾರ ಆಯೋಗ ಘೋಷಿಸಿದಾಗ ಮೂರು ವಿಷಯ ಕೇಳಿ. ಅದಕ್ಕೆ ನೆರವಾಗುವ ಅಧಿಕಾರಿಗಳು ಅದೇ ಪೊಲೀಸ್ ಇಲಾಖೆಯವರಾ? ವಿಚಾರಣೆ ಬಹಿರಂಗವಾಗಿ ನಡೆಯುತ್ತಾ? ವರದಿ ಸದನಕ್ಕೆ ಯಾವಾಗ ಬರುತ್ತೆ? ರಾಜ್ಯ ಸರ್ಕಾರ ನೇಮಿಸಿದ ಆಯೋಗದ ವರದಿಯನ್ನು, ಅದರ ಮೇಲೆ ಕೈಗೊಂಡ ಕ್ರಮದ ವಿವರದ ಜೊತೆ, ಆರು ತಿಂಗಳೊಳಗೆ ವಿಧಾನಸಭೆಯಲ್ಲಿ ಮಂಡಿಸಬೇಕು ಅಂತ ಅದೇ 1952ರ ಕಾಯ್ದೆ ಹೇಳುತ್ತೆ. ನಿಮ್ಮ ಶಾಸಕರಿಗೆ ಅದನ್ನು ನೆನಪಿಸಿ.