ಜೇಬಿನಲ್ಲಿಡುವ ಪುಟ್ಟ ಪಿಸ್ತೂಲು: ಚಿಕ್ಕದಾದಷ್ಟೂ ಸುಲಭವೇ?

ಅಂಗೈಯಲ್ಲಿ ಅಡಗುವಷ್ಟು ಪುಟ್ಟ ಪಿಸ್ತೂಲಿನ ಫೋಟೊ. ಕೆಳಗೆ ನಾಲ್ಕು ಸಾಲು: ‘ಮೊಬೈಲಿಗಿಂತ ಚಿಕ್ಕದು, ಹಗುರ, ಹೆಂಗಸರೂ ವಯಸ್ಸಾದವರೂ ಸುಲಭವಾಗಿ ಬಳಸಬಹುದು, ಜೇಬಿನಲ್ಲಿದ್ದರೆ ಭಯವಿಲ್ಲ’. ಇಂತಹ ಫಾರ್ವರ್ಡ್‌ಗಳು ಅಮೆರಿಕದಲ್ಲಿರುವ ಬಂಧುಗಳಿಂದ ಊರಿನ ಗ್ರೂಪಿಗೂ, ಊರಿನ ಗ್ರೂಪಿನಿಂದ ಅಮೆರಿಕಕ್ಕೂ ಓಡಾಡುತ್ತವೆ. ಇದರಲ್ಲಿ ‘ಚಿಕ್ಕದು, ಹಗುರ’ ಎಂಬುದು ನಿಜ. ‘ಸುಲಭ’ ಮತ್ತು ‘ಭಯವಿಲ್ಲ’ ಎಂಬುವು ನಿಜವಲ್ಲ. ಜೇಬಿನಲ್ಲಿ ಒಯ್ಯಲು ಅತಿ ಸುಲಭವಾದ ಪಿಸ್ತೂಲೇ ಸರಿಯಾಗಿ ಹಾರಿಸಲು ಅತಿ ಕಷ್ಟವಾದದ್ದು. ಅದು ಏಕೆ ಎಂಬುದನ್ನು ಇಲ್ಲಿ ನೋಡೋಣ.

ಪಾಕೆಟ್ ಪಿಸ್ತೂಲು ಎಂದರೆ ಯಾವುದು?

ಇದು ಹೊಸದೇನಲ್ಲ. 1865ರ ಏಪ್ರಿಲ್ 14ರಂದು ಅಮೆರಿಕದ ಅಧ್ಯಕ್ಷ ಅಬ್ರಹಾಂ ಲಿಂಕನ್ ಅವರ ಮೇಲೆ ನಾಟಕ ಶಾಲೆಯಲ್ಲಿ ಗುಂಡು ಹಾರಿಸಿದ್ದು ಸುಮಾರು 15 ಸೆಂ.ಮೀ. ಉದ್ದದ, ಒಂದೇ ಗುಂಡು ಹಿಡಿಯುವ ಪಾಕೆಟ್ ಪಿಸ್ತೂಲಿನಿಂದ. ಫಿಲಡೆಲ್ಫಿಯಾದ ಹೆನ್ರಿ ಡೆರಿಂಜರ್ ಅದನ್ನು ತಯಾರಿಸಿದವನು. ಹಂತಕ ಬೂತ್ ಅಧ್ಯಕ್ಷರ ಬೆನ್ನ ಹಿಂದೆಯೇ ನಿಂತು ಗುಂಡು ಹಾರಿಸಿದ್ದ. ಪುಟ್ಟ ಪಿಸ್ತೂಲು ಹತ್ತಿರದ ಆಯುಧ ಎಂಬುದು ಅಂದಿಗೂ ಇಂದಿಗೂ ಬದಲಾಗಿಲ್ಲ.

ಇಂದು ಅಮೆರಿಕದಲ್ಲಿ ಜನ ಹೆಚ್ಚಾಗಿ ನೋಡುವ ಮೂರು ಬಗೆಗಳನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ.

1. ಅತಿ ಪುಟ್ಟ ಪಿಸ್ತೂಲು: 2008ರಲ್ಲಿ ಬಂದ ರೂಗರ್ ಎಲ್‌ಸಿಪಿ. ತೂಕ ಸುಮಾರು 270 ಗ್ರಾಂ, ಉದ್ದ 13 ಸೆಂ.ಮೀ., ದಪ್ಪ ಸುಮಾರು 2 ಸೆಂ.ಮೀ. ಗುಂಡಿನ ಅಳತೆ .380.
2. ಗಿಡ್ಡ ನಳಿಗೆಯ ರಿವಾಲ್ವರ್: ಸ್ಮಿತ್ ಆ್ಯಂಡ್ ವೆಸನ್ 642. ತೂಕ ಸುಮಾರು 400 ಗ್ರಾಂ, ಐದು ಗುಂಡು, ಅಳತೆ .38 ಸ್ಪೆಷಲ್. ಸುತ್ತಿಗೆ ಒಳಗಡೆ ಅಡಗಿರುವುದರಿಂದ ಜೇಬಿನ ಬಟ್ಟೆಗೆ ಸಿಕ್ಕಿಕೊಳ್ಳುವುದಿಲ್ಲ.
3. ಸ್ವಲ್ಪ ದೊಡ್ಡದು: 2018ರಲ್ಲಿ ಬಂದ ಸಿಗ್ ಸಾವರ್ ಪಿ365. ತೂಕ ಸುಮಾರು 500 ಗ್ರಾಂ, 9 ಎಂ.ಎಂ. ಗುಂಡು, ಮ್ಯಾಗಜಿನ್‌ನಲ್ಲಿ ಹತ್ತು. ದೊಡ್ಡ ಜೇಬಿದ್ದರೆ ಮಾತ್ರ ಹಿಡಿಯುತ್ತದೆ.

ಒಂದೊಂದಕ್ಕೂ ಅದರದೇ ಅನುಕೂಲ, ಅದರದೇ ತೊಡಕು. ಈಗ ಫಾರ್ವರ್ಡ್‌ಗಳ ಮಾತಿಗೆ ಬರೋಣ.

ಮಾತು 1: ‘ಚಿಕ್ಕದಾದರೆ ಹೊಸಬರಿಗೆ ಸುಲಭ’

ತಪ್ಪು. ದೋಣಿಯಿಂದ ದಡಕ್ಕೆ ಹಾರಿದರೆ ದೋಣಿ ಹಿಂದಕ್ಕೆ ಸರಿಯುತ್ತದಲ್ಲ, ಅದೇ ನಿಯಮ ಇಲ್ಲಿಯೂ. ಗುಂಡು ಮುಂದಕ್ಕೆ ಹೋದಾಗ ಪಿಸ್ತೂಲು ಹಿಂದಕ್ಕೆ ಒದೆಯುತ್ತದೆ. ದೋಣಿ ದೊಡ್ಡದಾದರೆ ಕಡಿಮೆ ಸರಿಯುತ್ತದೆ, ಪುಟ್ಟ ತೆಪ್ಪವಾದರೆ ಬಹಳ ಸರಿಯುತ್ತದೆ. ಹಾಗೆಯೇ, ಒಂದೇ ಗುಂಡನ್ನು 810 ಗ್ರಾಂ ಪಿಸ್ತೂಲಿನಿಂದಲೂ 270 ಗ್ರಾಂ ಪಿಸ್ತೂಲಿನಿಂದಲೂ ಹಾರಿಸಿದರೆ, ಹಗುರವಾದದ್ದು ಮೂರು ಪಟ್ಟು ವೇಗದಲ್ಲಿ ಹಿಂದಕ್ಕೆ ಬರುತ್ತದೆ. ಕೈಗೆ ಬಡಿಯುವ ಶಕ್ತಿಯೂ ಮೂರು ಪಟ್ಟು. ಕಿರುಬೆರಳಿಗೆ ಹಿಡಿಕೆಯಲ್ಲಿ ಜಾಗವೇ ಇಲ್ಲದಿರುವುದರಿಂದ ಹಿಡಿತವೂ ಸಡಿಲ.

ಎರಡನೆಯ ತೊಡಕು ಗುರಿಯದು. ಗುರಿ ನೋಡುವ ಮುಂದಿನ ಮತ್ತು ಹಿಂದಿನ ಗುರುತುಗಳ ನಡುವೆ 10 ಸೆಂ.ಮೀ. ಅಂತರವಿದ್ದು, ಅವು 1 ಮಿ.ಮೀ. ಮಾತ್ರ ಓರೆಯಾದರೂ ಏಳು ಮೀಟರ್ ದೂರದಲ್ಲಿ ಗುಂಡು 7 ಸೆಂ.ಮೀ. ಪಕ್ಕಕ್ಕೆ ಹೋಗುತ್ತದೆ. ಅಂತರ 15 ಸೆಂ.ಮೀ. ಇದ್ದರೆ ತಪ್ಪು 5 ಸೆಂ.ಮೀ. ಒಳಗೇ ಉಳಿಯುತ್ತದೆ. ಗುರಿ ತಪ್ಪಿದ ಗುಂಡು ಗಾಳಿಯಲ್ಲಿ ಮಾಯವಾಗುವುದಿಲ್ಲ, ಹಿಂದೆ ಯಾರಿದ್ದಾರೋ ಅವರತ್ತ ಹೋಗುತ್ತದೆ.

ಮೂರನೆಯದು ಬೆರಳಿನ ಬಲ. ಮೊದಲ ಗುಂಡನ್ನು ನಳಿಗೆಗೆ ತರಲು ಪಿಸ್ತೂಲಿನ ಮೇಲಿನ ಸ್ಲೈಡನ್ನು ಹಿಂದಕ್ಕೆಳೆಯಬೇಕು. ಪುಟ್ಟ ಪಿಸ್ತೂಲಿನ ಸ್ಲೈಡ್ ಹಗುರ, ಅದನ್ನು ತಡೆಹಿಡಿಯಲು ಒಳಗಿನ ಸ್ಪ್ರಿಂಗ್ ಬಿಗಿ. ಸಂಧಿವಾತ ಇರುವವರಿಗೆ, ಕೈಬಲ ಕಡಿಮೆ ಇರುವವರಿಗೆ ಇದೇ ದೊಡ್ಡ ಕಷ್ಟ. ‘ಹೆಂಗಸರಿಗೆ, ವಯಸ್ಸಾದವರಿಗೆ ಚಿಕ್ಕದೇ ಸರಿ’ ಎಂಬ ಸಲಹೆ ಇದರಿಂದಲೇ ತಲೆಕೆಳಗಾಗುತ್ತದೆ. ಹೊಸಬರು ದೊಡ್ಡ, ಭಾರದ ಪಿಸ್ತೂಲಿನಲ್ಲಿ ಕಲಿಯುವುದೇ ವಾಡಿಕೆ.

ಮಾತು 2: ‘ಚಿಕ್ಕ ಗುಂಡಾದರೂ ಸಾಕು’ / ‘ದೊಡ್ಡ ಗುಂಡೇ ಬೇಕು’

ಎರಡೂ ಅರ್ಧ ಸತ್ಯ. .22 ಗುಂಡು ಅಗ್ಗ, ಒದೆತ ಕಡಿಮೆ. ಆದರೆ ಅದರಲ್ಲಿ ಕಿಡಿ ಹೊತ್ತಿಸುವ ಮದ್ದು ಗುಂಡಿನ ತಳದ ಅಂಚಿನೊಳಗೆ ಹರಡಿರುತ್ತದೆ. ಎಲ್ಲೋ ಒಂದು ಕಡೆ ಮದ್ದು ಸರಿಯಾಗಿ ತುಂಬಿರದಿದ್ದರೆ ಕುದುರೆ ಎಳೆದರೂ ಗುಂಡು ಹಾರದು. .32, .380, 9 ಎಂ.ಎಂ., .38 ಗುಂಡುಗಳಲ್ಲಿ ಆ ಮದ್ದು ತಳದ ನಡುವಿನ ಪುಟ್ಟ ಬಟ್ಟಲಿನಲ್ಲಿರುವುದರಿಂದ ನಂಬಿಕೆ ಹೆಚ್ಚು. ಇತ್ತ ದೊಡ್ಡ ಗುಂಡನ್ನು ಹಗುರ ಪಿಸ್ತೂಲಿಗೆ ಹಾಕಿದರೆ ಒದೆತ ಎಷ್ಟಿರುತ್ತದೆಂದರೆ, ಕೊಂಡವರು ಹತ್ತು ಗುಂಡು ಹಾರಿಸಿ ಅಭ್ಯಾಸವನ್ನೇ ಬಿಟ್ಟುಬಿಡುತ್ತಾರೆ. ಅಭ್ಯಾಸ ಮಾಡಲು ಮನಸ್ಸು ಬರುವಂತಹ ಗುಂಡೇ ಸರಿಯಾದ ಗುಂಡು.

ಮಾತು 3: ‘ಸೇಫ್ಟಿ ಇದೆ, ಹಾಗೇ ಜೇಬಿಗೆ ಹಾಕಿಕೊಳ್ಳಬಹುದು’

ಇದು ಎಲ್ಲಕ್ಕಿಂತ ಅಪಾಯದ ಮಾತು. 2008ರ ನವೆಂಬರ್‌ನಲ್ಲಿ ಅಮೆರಿಕದ ಖ್ಯಾತ ಫುಟ್‌ಬಾಲ್ ಆಟಗಾರ ಪ್ಲಾಕ್ಸಿಕೊ ಬರೆಸ್ ನ್ಯೂಯಾರ್ಕಿನ ಕ್ಲಬ್ ಒಂದಕ್ಕೆ ಹೋಗಿದ್ದರು. ಸೊಂಟಕ್ಕೆ ಸಿಕ್ಕಿಸಿದ್ದ ಪಿಸ್ತೂಲು ಜಾರಿ ಗುಂಡು ಅವರದೇ ತೊಡೆಗೆ ಹೊಕ್ಕಿತು. ನ್ಯೂಯಾರ್ಕಿನಲ್ಲಿ ಪರವಾನಗಿ ಇರಲಿಲ್ಲವಾದ್ದರಿಂದ ಎರಡು ವರ್ಷದ ಜೈಲು ಶಿಕ್ಷೆಯೂ ಆಯಿತು. ನಮ್ಮಲ್ಲಿ 2024ರ ಅಕ್ಟೋಬರ್ 1ರಂದು ಹಿಂದಿ ನಟ ಗೋವಿಂದ ಅವರ ಕಾಲಿಗೆ ತಮ್ಮದೇ ಪರವಾನಗಿ ರಿವಾಲ್ವರ್‌ನ ಗುಂಡು ತಗುಲಿ ಮುಂಬೈನ ಆಸ್ಪತ್ರೆ ಸೇರಬೇಕಾಯಿತು. ಇಬ್ಬರೂ ಶತ್ರುವಿನಿಂದ ಗಾಯಗೊಂಡವರಲ್ಲ.

ಜೇಬಿನಲ್ಲಿ ಗುಂಡು ತಾನಾಗಿ ಹಾರಲು ಮುಖ್ಯ ಕಾರಣಗಳು ಎರಡು. ಒಂದು, ಕೀಲಿಕೈ, ಪೆನ್ನು, ಬಟ್ಟೆಯ ಮಡಿಕೆ ಇಲ್ಲವೇ ಬೆರಳು ಕುದುರೆಗೆ ತಾಗುವುದು. ಎರಡು, ಕೆಳಗೆ ಬೀಳುವುದು. ಹಳೆಯ ಕಾಲದ ಹಲವು ರಿವಾಲ್ವರ್‌ಗಳಲ್ಲಿ ಸುತ್ತಿಗೆ ನೇರವಾಗಿ ಗುಂಡಿನ ಮೇಲೆಯೇ ಕೂತಿರುತ್ತದೆ, ಬಿದ್ದರೆ ಸಿಡಿಯಬಹುದು. ಹೊಸದಾದರೂ ಕುರುಡಾಗಿ ನಂಬುವಂತಿಲ್ಲ. ಬಿದ್ದರೆ ಗುಂಡು ಹಾರಬಹುದು ಎಂಬ ಕಾರಣಕ್ಕೆ ರೂಗರ್ ಕಂಪನಿ ತನ್ನ ಮೊದಲ ಎಲ್‌ಸಿಪಿಗಳನ್ನು 2008ರಲ್ಲೇ ವಾಪಸ್ ಕರೆಸಿ ದುರಸ್ತಿ ಮಾಡಿಕೊಟ್ಟಿತು.

ಆದ್ದರಿಂದ ತಿಳಿದವರು ಪಿಸ್ತೂಲಿಗೆ ಮೊದಲು ಅದರ ಚೀಲವನ್ನು, ಅಂದರೆ ಪಾಕೆಟ್ ಹೋಲ್ಸ್ಟರನ್ನು ನೋಡುತ್ತಾರೆ. ಅದು ಕುದುರೆಯ ಭಾಗವನ್ನು ಪೂರ್ತಿ ಮುಚ್ಚಬೇಕು. ಹೊರಗಿನಿಂದ ಒತ್ತಿದರೂ ಕುದುರೆ ಅಲುಗಬಾರದು. ಪಿಸ್ತೂಲು ತೆಗೆದಾಗ ಹೋಲ್ಸ್ಟರ್ ಜೇಬಿನಲ್ಲೇ ಉಳಿಯಬೇಕು. ಆ ಜೇಬಿನಲ್ಲಿ ಬೇರೆ ಏನೂ, ಒಂದು ನಾಣ್ಯವೂ ಇರಬಾರದು. ವಾಪಸ್ ಇಡುವಾಗ ಹೋಲ್ಸ್ಟರನ್ನು ಹೊರತೆಗೆದು, ಪಿಸ್ತೂಲನ್ನು ಅದರಲ್ಲಿ ಸೇರಿಸಿ, ಆಮೇಲೆ ಜೇಬಿಗಿಡಬೇಕು.

ಕುದುರೆಯ ಬಿಗಿತವೂ ಮುಖ್ಯ. ರಿವಾಲ್ವರ್‌ನಲ್ಲಿ ಸುತ್ತಿಗೆಯನ್ನು ಮೊದಲೇ ಎಳೆಯದೆ ಗುಂಡು ಹಾರಿಸಲು ಸುಮಾರು 5 ಕೆ.ಜಿ. ಬಲ ಬೇಕು, ಹಲವು ಪಿಸ್ತೂಲುಗಳಿಗೆ ಅದರ ಅರ್ಧ ಸಾಕು. ಬಿಗಿ ಕುದುರೆ ಜೇಬಿನಲ್ಲಿ ಸುರಕ್ಷಿತ, ಆದರೆ ಗುರಿಗೆ ಕಷ್ಟ. ಹಗುರ ಕುದುರೆ ಗುರಿಗೆ ಸುಲಭ, ಜೇಬಿನಲ್ಲಿ ಅಪಾಯ. ಎರಡೂ ಒಟ್ಟಿಗೆ ಸಿಗುವುದಿಲ್ಲ.

ಮಾತು 4: ‘ಜೇಬಿನಲ್ಲಿದ್ದರೆ ಯಾರೂ ಏನೂ ಮಾಡಲಾರರು’

ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ತರಬೇತುದಾರ ಡೆನ್ನಿಸ್ ಟುಲ್ಲರ್ 1983ರಲ್ಲಿ ಬರೆದ ಲೇಖನವೊಂದು ಇಂದಿಗೂ ಪ್ರಸಿದ್ಧ. ಚಾಕು ಹಿಡಿದವನು 21 ಅಡಿ, ಅಂದರೆ ಆರೂವರೆ ಮೀಟರ್ ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ಓಡಿ ಮುಟ್ಟುತ್ತಾನೆ ಎಂಬುದು ಅವರ ಲೆಕ್ಕ. ತರಬೇತಾದ ಪೊಲೀಸರಿಗೂ ಸೊಂಟದ ಪಿಸ್ತೂಲು ಎಳೆದು ಹಾರಿಸಲು ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ಜೇಬಿನಿಂದ ತೆಗೆಯುವುದು ಇನ್ನೂ ನಿಧಾನ. ಕಾರಿನಲ್ಲಿ ಬೆಲ್ಟ್ ಹಾಕಿ ಕೂತಾಗ, ಕೈಯಲ್ಲಿ ಮಗುವನ್ನೋ ಸಾಮಾನನ್ನೋ ಹಿಡಿದಾಗ ಜೇಬಿಗೆ ಕೈ ಹೋಗುವುದೇ ಕಷ್ಟ.

ಜೊತೆಗೆ ಜೇಬಿನ ದೂಳು. ಹತ್ತಿಯ ನೂಲಿನ ಚೂರು, ಬೆವರು, ಕಸ ಒಳಗೆ ಸೇರಿಕೊಂಡು ಯಂತ್ರ ಸಿಕ್ಕಿಬೀಳುತ್ತದೆ. ದಿನವೂ ಜೇಬಿನಲ್ಲಿಡುವವರು ಆಗಾಗ ಬಿಚ್ಚಿ ಒರೆಸಿ ಎಣ್ಣೆ ಹಾಕಲೇಬೇಕು. ಕೊಂಡು ಮರೆತುಬಿಡುವ ವಸ್ತು ಇದಲ್ಲ.

ಮನೆಗೆ ಬಂದ ಮೇಲೆ

ಫಾರ್ವರ್ಡ್‌ಗಳು ಹೇಳದ ಮಾತು ಇದು. ಜೇಬಿನ ಪಿಸ್ತೂಲು ಸಂಜೆ ಜೇಬಿನಿಂದ ಹೊರಬರುತ್ತದೆ. ಆಮೇಲೆ ಎಲ್ಲಿ? ಮೇಜಿನ ಮೇಲೆ, ಕೈಚೀಲದಲ್ಲಿ, ದಿಂಬಿನ ಕೆಳಗೆ. ಅಮ್ಮನ ಕೈಚೀಲದಲ್ಲಿದ್ದ ಪಿಸ್ತೂಲು ಪುಟ್ಟ ಮಗುವಿನ ಕೈಗೆ ಸಿಕ್ಕಿ ಅಮ್ಮನೇ ಸತ್ತ ಪ್ರಕರಣ ಅಮೆರಿಕದಲ್ಲಿ ನಡೆದಿದೆ. ಪುಟ್ಟ ಪಿಸ್ತೂಲು ಪುಟ್ಟ ಕೈಗೂ ಹೊಂದುತ್ತದೆ. ಮೈಮೇಲೆ ಇಲ್ಲದ ಹೊತ್ತಿನಲ್ಲಿ ಅದು ಬೀಗದ ಪೆಟ್ಟಿಗೆಯಲ್ಲಿರಬೇಕು, ಅಷ್ಟೇ.

ಇನ್ನೊಂದು ಅಪಾಯ ಮನಸ್ಸಿನದು. ಅಮೆರಿಕದಲ್ಲಿ ಬಂದೂಕಿನಿಂದ ಆಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೊಲೆಗಳಲ್ಲ, ಆತ್ಮಹತ್ಯೆಗಳು. ಕ್ಯಾಲಿಫೋರ್ನಿಯಾದ 2.6 ಕೋಟಿ ವಯಸ್ಕರನ್ನು ಗಮನಿಸಿ 2020ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್ ಸಂಶೋಧಕರ ಅಧ್ಯಯನದ ಪ್ರಕಾರ, ಪಿಸ್ತೂಲು ಹೊಂದಿದ ಗಂಡಸರು ಗುಂಡು ಹಾರಿಸಿಕೊಂಡು ಸಾಯುವ ಸಂಭವ ಇಲ್ಲದವರಿಗಿಂತ ಸುಮಾರು 8 ಪಟ್ಟು, ಹೆಂಗಸರಲ್ಲಿ 35 ಪಟ್ಟು ಹೆಚ್ಚು. ಒಂದು ಕೆಟ್ಟ ರಾತ್ರಿ ಕಳೆದರೆ ಬದುಕುವವರು ಎಷ್ಟೋ ಮಂದಿ. ಕೈಗೆ ಪಿಸ್ತೂಲು ಸಿಕ್ಕರೆ ಆ ರಾತ್ರಿ ಕಳೆಯುವುದಿಲ್ಲ. ಮನೆಯಲ್ಲಿ ಯಾರಾದರೂ ಖಿನ್ನತೆ, ಕುಡಿತ, ಹಣದ ಚಿಂತೆಯಲ್ಲಿದ್ದರೆ ಪಿಸ್ತೂಲು ಕೊಳ್ಳುವ ಯೋಚನೆಯನ್ನೇ ಬಿಡುವುದು ಕ್ಷೇಮ. ಮಾತಾಡಲು ಭಾರತದಲ್ಲಿ 14416, ಅಮೆರಿಕದಲ್ಲಿ 988 ಸಂಖ್ಯೆಗೆ ಕರೆ ಮಾಡಬಹುದು.

ಕೊಳ್ಳುವವರು ಕೇಳಿಕೊಳ್ಳಬೇಕಾದ ಕ್ರಮ

1. ನನಗೆ ಇದು ನಿಜಕ್ಕೂ ಬೇಕೇ, ಮನೆಯ ಪರಿಸ್ಥಿತಿ ಇದಕ್ಕೆ ತಕ್ಕುದೇ?
2. ನಾನಿರುವ ಕಡೆ ಕಾನೂನು ಒಪ್ಪುತ್ತದೆಯೇ?
3. ಮನೆಯಲ್ಲಿ ಬೀಗದ ಪೆಟ್ಟಿಗೆ ಇದೆಯೇ?
4. ಶೂಟಿಂಗ್ ರೇಂಜಿನಲ್ಲಿ ಬಾಡಿಗೆಗೆ ಪಡೆದು ಐವತ್ತು ಗುಂಡು ಹಾರಿಸಿ ನೋಡಿದೆನೇ? ಸ್ಲೈಡ್ ಎಳೆಯಲು, ಕುದುರೆ ಒತ್ತಲು ನನ್ನ ಕೈಗೆ ಬರುತ್ತದೆಯೇ?
5. ಅದಕ್ಕೆಂದೇ ಮಾಡಿದ, ಕುದುರೆ ಮುಚ್ಚುವ ಹೋಲ್ಸ್ಟರ್ ಸಿಗುತ್ತದೆಯೇ?
6. ತಿಂಗಳಿಗೊಮ್ಮೆಯಾದರೂ ಅಭ್ಯಾಸ ಮಾಡುವೆನೇ?

ಬ್ರಾಂಡ್, ಬಣ್ಣ, ಬೆಲೆ ಎಲ್ಲ ಇವುಗಳ ನಂತರ. ಫಾರ್ವರ್ಡ್‌ಗಳು ಶುರುವಾಗುವುದು ಮಾತ್ರ ಬ್ರಾಂಡಿನಿಂದ.

ನಮ್ಮವರಿಗೆ ಕಾನೂನು ಏನು ಹೇಳುತ್ತದೆ?

ಅಮೆರಿಕದ ಸುಪ್ರೀಂ ಕೋರ್ಟ್ 2022ರಲ್ಲಿ ಆತ್ಮರಕ್ಷಣೆಗಾಗಿ ಹೊರಗೆ ಪಿಸ್ತೂಲು ಒಯ್ಯುವುದು ಸಂವಿಧಾನದ ಹಕ್ಕು ಎಂದಿತು. ಆದರೆ ಒಂದು ರಾಜ್ಯದ ನಿಯಮ ಇನ್ನೊಂದು ರಾಜ್ಯದಲ್ಲಿ ನಡೆಯುವುದಿಲ್ಲ. ಕೇಂದ್ರ ಸರ್ಕಾರದ ಕಟ್ಟಡಗಳಿಗೆ ಸಾಮಾನ್ಯವಾಗಿ ಒಯ್ಯುವಂತಿಲ್ಲ. ಅಲ್ಲಿರುವ ನಮ್ಮ ಓದುಗರು ಮುಖ್ಯವಾಗಿ ಗಮನಿಸಬೇಕಾದದ್ದು ಬೇರೆ. ಎಚ್-1ಬಿ, ವಿದ್ಯಾರ್ಥಿ ವೀಸಾ, ಪ್ರವಾಸಿ ವೀಸಾದಂತಹ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕು ಅಥವಾ ಗುಂಡು ಹೊಂದುವುದನ್ನು ಅಲ್ಲಿನ ಕೇಂದ್ರ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಬೇಟೆಯ ಲೈಸೆನ್ಸ್‌ನಂತಹ ಕೆಲವೇ ವಿನಾಯಿತಿಗಳಿವೆ. ಗ್ರೀನ್ ಕಾರ್ಡ್ ಇರುವವರಿಗೆ ಈ ನಿಷೇಧ ಇಲ್ಲ. ಗೆಳೆಯನ ಮಾತು ಕೇಳಿ ಕೊಂಡರೆ ವೀಸಾಕ್ಕೇ ಕುತ್ತು.

ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿ ಇಲ್ಲದೆ ಪಿಸ್ತೂಲಾಗಲಿ ಗುಂಡಾಗಲಿ ಹೊಂದುವಂತಿಲ್ಲ. 9 ಎಂ.ಎಂ. ಪಿಸ್ತೂಲು ಸಾಮಾನ್ಯ ನಾಗರಿಕರಿಗೆ ನಿಷಿದ್ಧ, ಇಲ್ಲಿ ಸಿಗುವುದು ಹೆಚ್ಚಾಗಿ .32. ಹೆಂಗಸರಿಗಾಗಿ ಎಂದು 2014ರಲ್ಲಿ ಕಾನ್ಪುರದ ಕಾರ್ಖಾನೆಯಿಂದ ಬಂದ ‘ನಿರ್ಭೀಕ್’ ರಿವಾಲ್ವರ್ ಕೂಡ .32, ತೂಕ ಸುಮಾರು ಅರ್ಧ ಕೆ.ಜಿ., ಬೆಲೆ ಆಗ ಒಂದು ಲಕ್ಷಕ್ಕೂ ಮೇಲೆ. ಅದಕ್ಕೂ ಪರವಾನಗಿ ಬೇಕು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿದಿದೆ, ಆದರೆ ಅದು ಉಳಿದವರಿಗೆ ಅನ್ವಯಿಸದು. ಅಮೆರಿಕದಿಂದ ಊರಿಗೆ ಬರುವವರು ಚೀಲದ ಮೂಲೆಗಳನ್ನು ನೋಡಿಕೊಳ್ಳಿ. ಮರೆತು ಉಳಿದ ಒಂದೇ ಒಂದು ಗುಂಡು ಕೂಡ ವಿಮಾನ ನಿಲ್ದಾಣದಲ್ಲಿ ಪೊಲೀಸ್ ಠಾಣೆಯ ದಾರಿ ತೋರಿಸಬಹುದು.

ಒಟ್ಟಾರೆ

ಪುಟ್ಟ ಪಿಸ್ತೂಲು ಒಯ್ಯಲು ಸುಲಭ, ಹಾರಿಸಲು ಕಷ್ಟ, ಮರೆತು ಬಿಡಲು ಎಲ್ಲಕ್ಕಿಂತ ಸುಲಭ. ಅದನ್ನು ಬಳಸುವ ಸಂದರ್ಭ ಜೀವಮಾನದಲ್ಲಿ ಬಾರದೆ ಹೋಗಬಹುದು. ಆದರೆ ಅದನ್ನು ಜೋಪಾನ ಮಾಡಬೇಕಾದ ಸಂದರ್ಭ ದಿನವೂ ಬರುತ್ತದೆ. ಮುಂದಿನ ಬಾರಿ ಆ ಫೋಟೊ ನಿಮ್ಮ ಗ್ರೂಪಿಗೆ ಬಂದರೆ, ಅದನ್ನು ಮುಂದಕ್ಕೆ ಕಳಿಸುವ ಮೊದಲು ಈ ಲೇಖನವನ್ನು ಕಳಿಸಿ.