ಮನೆಗೊಬ್ಬ ಸರ್ವರ್

ಕನ್ನಡದಲ್ಲಿ ‘ಸರ್ವರ್’ ಎಂಬ ಮಾತಿಗೆ ಕಂಪ್ಯೂಟರಿನ ಅರ್ಥ ಬರುವ ಮೊದಲೇ ಹೋಟೆಲಿನ ಅರ್ಥವಿತ್ತು. ಮೇಜಿನ ಮೇಲೆ ನೀರಿನ ಲೋಟ ಇಟ್ಟು, ಏನು ಬೇಕೆಂದು ಕೇಳಿ, ಒಳಗಿನಿಂದ ದೋಸೆ ತಂದುಕೊಡುವವನು ಸರ್ವರ್. 1993ರಲ್ಲಿ ಜಗ್ಗೇಶ್ ಅಭಿನಯದ ‘ಸರ್ವರ್ ಸೋಮಣ್ಣ’ ತೆರೆಗೆ ಬಂದಾಗ ಆ ಹೆಸರನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕಂಪ್ಯೂಟರ್ ಲೋಕದ ಸರ್ವರ್ ಮಾಡುವ ಕೆಲಸವೂ ಅದೇ. ಬೇರೆ ಯಂತ್ರ ಕೇಳಿದ ಫೈಲನ್ನೋ, ಆಟದಲ್ಲಿ ಈಗ ಯಾರು ಎಲ್ಲಿದ್ದಾರೆಂಬ ಲೆಕ್ಕವನ್ನೋ ಒಳಗಿನಿಂದ ತಂದು ಮುಂದಿಡುವುದು.

ಇವತ್ತು ಹಳೆಯ ಲ್ಯಾಪ್‌ಟಾಪ್ ಒಂದನ್ನು ಮನೆಯ ಮೂಲೆಯಲ್ಲಿಟ್ಟು, ಅದರಲ್ಲಿ ಮದುವೆಯ ಫೋಟೋಗಳನ್ನೂ ಅಜ್ಜಿಯ ಹಾಡಿನ ರೆಕಾರ್ಡಿಂಗುಗಳನ್ನೂ ತುಂಬಿ, ಮಕ್ಕಳಿಗೆ ಆಡಲು ಮೈನ್‌ಕ್ರಾಫ್ಟ್ ಲೋಕವನ್ನೂ ನಡೆಸುವುದು ಆಸಕ್ತಿ ಇದ್ದವರಿಗೆ ಒಂದು ಭಾನುವಾರದ ಕೆಲಸ. ಆದರೆ ಈ ಸಲೀಸು ತಾನಾಗಿ ಬಂದದ್ದಲ್ಲ. ಅದರ ಹಿಂದೆ ಮೂವತ್ತು ವರ್ಷಗಳ ಕುತೂಹಲ, ಜಗಳ, ಕೋರ್ಟು ಕಚೇರಿ ಎಲ್ಲ ಇವೆ. ಆ ಕಥೆಯ ಉದ್ದಕ್ಕೂ ಬರುವುದು ಒಂದೇ ಪ್ರಶ್ನೆ: ಈ ಸರ್ವರ್ ಯಾರ ಮಾತು ಕೇಳುತ್ತಾನೆ?

ಕಥೆ ಶುರುವಾಗುವುದು ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ. 1991ರ ಡಿಸೆಂಬರ್. ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಆಂಡ್ರ್ಯೂ ಟ್ರಿಜೆಲ್ ಎಂಬ ಹುಡುಗನ ಮೇಜಿನ ಮೇಲೆ ಡಾಸ್ ಪಿಸಿ ಇತ್ತು. ವಿಭಾಗದಲ್ಲಿ ದೊಡ್ಡ ಯುನಿಕ್ಸ್ ಯಂತ್ರಗಳಿದ್ದವು. ಆ ದೊಡ್ಡ ಯಂತ್ರದ ಡಿಸ್ಕಿನ ಜಾಗ ತನ್ನ ಪಿಸಿಯಲ್ಲಿ ಕಾಣಬೇಕು ಎಂಬುದು ಅವನ ಆಸೆ. ಡಿಜಿಟಲ್ ಕಂಪನಿಯ ‘ಪಾಥ್‌ವರ್ಕ್ಸ್’ ಎಂಬ ತಂತ್ರಾಂಶ ಅದನ್ನು ಮಾಡುತ್ತಿತ್ತು. ಆದರೆ ಸರ್ವರ್ ಆಗಿ ಡಿಜಿಟಲ್‌ನವರ ಯಂತ್ರವೇ ಇರಬೇಕಿತ್ತು. ಆ ಎರಡು ಯಂತ್ರಗಳು ತಮ್ಮೊಳಗೆ ಆಡಿಕೊಳ್ಳುತ್ತಿದ್ದ ಭಾಷೆಯ ನಿಯಮಾವಳಿ ಟ್ರಿಜೆಲ್ ಕೈಯಲ್ಲಿರಲಿಲ್ಲ.

ಅವನು ಮಾಡಿದ್ದು ಕದ್ದು ಕೇಳುವ ಕೆಲಸ. ತಂತಿಯ ಮೇಲೆ ಹಾದುಹೋಗುವ ಮಾಹಿತಿಯ ಪೊಟ್ಟಣಗಳನ್ನೆಲ್ಲ ಹಿಡಿದು ತೋರಿಸುವ ಒಂದು ಪುಟ್ಟ ಪ್ರೋಗ್ರಾಂ ಬರೆದ. ಪಿಸಿ ಏನು ಕೇಳಿತು, ಸರ್ವರ್ ಏನು ಕೊಟ್ಟಿತು ಎಂದು ನೋಡುತ್ತ ಕೂತ. ಈ ವಿಧಾನವನ್ನು ವಿವರಿಸಲು ಮುಂದೆ ಅವನು ಹೋಟೆಲಿನ ಹೋಲಿಕೆಯನ್ನೇ ಕೊಟ್ಟ. ನಿಮಗೆ ಫ್ರೆಂಚ್ ಕಲಿಯಬೇಕಿದೆ, ಪುಸ್ತಕವಿಲ್ಲ, ಮೇಷ್ಟರಿಲ್ಲ. ಫ್ರಾನ್ಸಿಗೆ ಹೋಗಿ ಒಂದು ಕೆಫೆಯಲ್ಲಿ ಕೂತುಬಿಡಿ. ಗಿರಾಕಿಗಳು ಮಾಣಿಗೆ ಏನು ಹೇಳುತ್ತಾರೆ, ಮಾಣಿ ಏನು ತಂದಿಡುತ್ತಾನೆ ಎಂದು ಬರೆದುಕೊಳ್ಳುತ್ತ ಹೋಗಿ. ಬ್ರೆಡ್ಡಿಗೆ ಏನೆನ್ನುತ್ತಾರೆ, ಕಾಫಿಗೆ ಏನೆನ್ನುತ್ತಾರೆ ಎಂದು ಒಂದು ದಿನ ತಿಳಿದೇ ತಿಳಿಯುತ್ತದೆ. ಹೊಸ ಊರಿಗೆ ಬಂದು, ಅಕ್ಕಪಕ್ಕದವರ ಮಾತು ಕೇಳಿಯೇ ಅಲ್ಲಿಯ ಭಾಷೆ ಕಲಿತ ಯಾರಿಗಾದರೂ ಈ ದಾರಿ ಹೊಸದೇನಲ್ಲ.

ಹೀಗೆ ಕಲಿತ ಭಾಷೆಯಲ್ಲಿ ತನ್ನದೇ ಸರ್ವರ್ ಪ್ರೋಗ್ರಾಂ ಬರೆದು 1992ರ ಜನವರಿಯಲ್ಲಿ ಇಂಟರ್ನೆಟ್‌ನಲ್ಲಿ ಹಂಚಿ, ಟ್ರಿಜೆಲ್ ತನ್ನ ಓದಿಗೆ ಮರಳಿದ. ಸುಮಾರು ಎರಡು ವರ್ಷ ಅದರ ಗೊಡವೆಗೆ ಹೋಗಲಿಲ್ಲ. ಮತ್ತೆ ಅದನ್ನು ಕೈಗೆತ್ತಿಕೊಳ್ಳಲು ಕಾರಣವಾದದ್ದು ಮನೆ. ಹೆಂಡತಿಯ ಪಿಸಿಯನ್ನೂ ತನ್ನ ಲಿನಕ್ಸ್ ಯಂತ್ರವನ್ನೂ ಜೋಡಿಸಬೇಕಿತ್ತು. ಹಳೆಯ ಪ್ರೋಗ್ರಾಂ ಹಾಕಿ ನೋಡಿದ. ಅಚ್ಚರಿಯೆಂಬಂತೆ ಅದು ಕೆಲಸ ಮಾಡಿತು. ಅಷ್ಟು ದಿನ ತಾನು ಕದ್ದು ಕೇಳಿ ಕಲಿತದ್ದು ಡಿಜಿಟಲ್ ಕಂಪನಿಯೊಂದರ ಭಾಷೆಯಲ್ಲ, ಐಬಿಎಂನಲ್ಲಿ ಬ್ಯಾರಿ ಫೈಗೆನ್‌ಬಾಮ್ 1983ರಲ್ಲಿ ರೂಪಿಸಿದ, ಆಮೇಲೆ ಮೈಕ್ರೋಸಾಫ್ಟ್ ತನ್ನದಾಗಿಸಿಕೊಂಡು ಬೆಳೆಸಿದ ‘ಎಸ್ಎಂಬಿ’ ಎಂಬ ಭಾಷೆ ಎಂಬುದೂ ಅವನಿಗೆ ತಿಳಿಯಿತು. ಅಂದರೆ ವಿಂಡೋಸ್ ಇರುವ ಯಾವ ಪಿಸಿಗೂ ಇವನ ಸರ್ವರ್ ಮಾತು ಅರ್ಥವಾಗುತ್ತಿತ್ತು.

ಮೊದಲಿಟ್ಟ ಹೆಸರು ಬೇರೊಂದು ಕಂಪನಿಯ ಸ್ವತ್ತು ಎಂದು ತಕರಾರು ಬಂತು. ಎಸ್, ಎಂ, ಬಿ ಅಕ್ಷರಗಳು ಇದೇ ಕ್ರಮದಲ್ಲಿ ಬರುವ ಪದಗಳನ್ನು ಟ್ರಿಜೆಲ್ ಕಂಪ್ಯೂಟರಿನ ನಿಘಂಟಿನಲ್ಲಿ ಹುಡುಕಿಸಿದ. ಸಿಕ್ಕ ನಾಲ್ಕಾರು ಪದಗಳಲ್ಲಿ ಬ್ರೆಜಿಲಿನ ಕುಣಿತದ ಹೆಸರೊಂದಿತ್ತು. ‘ಸಾಂಬಾ’ ಹುಟ್ಟಿದ್ದು ಹಾಗೆ. ಮನೆಮನೆಗಳ ಸರ್ವರುಗಳಲ್ಲಿ, ರೌಟರಿನ ಪಕ್ಕ ಕೂತ ಸಣ್ಣ ಶೇಖರಣಾ ಪೆಟ್ಟಿಗೆಗಳಲ್ಲಿ ಇಂದು ಬಹುಪಾಲು ಅದೇ ದುಡಿಯುತ್ತಿದೆ.

ಅದೇ 1993ರ ಡಿಸೆಂಬರ್ 10ರಂದು ಅಮೆರಿಕದ ಟೆಕ್ಸಸ್‌ನಲ್ಲಿದ್ದ ಐಡಿ ಸಾಫ್ಟ್‌ವೇರ್ ಎಂಬ ಸಣ್ಣ ತಂಡ ‘ಡೂಮ್’ ಆಟ ಬಿಡುಗಡೆ ಮಾಡಿತು. ನಾಲ್ವರು ತಮ್ಮ ತಮ್ಮ ಪಿಸಿಗಳನ್ನು ಜಾಲದಲ್ಲಿ ಜೋಡಿಸಿಕೊಂಡು ಒಬ್ಬರನ್ನೊಬ್ಬರು ಬೇಟೆಯಾಡಬಹುದಿತ್ತು. ಸಾಂಬಾ ಅಣ್ಣನಾದರೆ ಇದು ಪುಂಡ ತಮ್ಮ. ಡೂಮ್‌ನಲ್ಲಿ ಸರ್ವರ್ ಎಂಬುದೇ ಇರಲಿಲ್ಲ. ಮೊದಲ ಆವೃತ್ತಿಯಲ್ಲಿ ಪ್ರತಿ ಯಂತ್ರವೂ ತನ್ನ ಸುದ್ದಿಯನ್ನು ಇಡೀ ಜಾಲಕ್ಕೆ ಡಂಗುರ ಹೊಡೆಯುತ್ತಿತ್ತು. ಆಟಕ್ಕೆ ಸಂಬಂಧವಿಲ್ಲದ ಯಂತ್ರಗಳೂ ಆ ಗದ್ದಲ ಕೇಳಬೇಕು. ಕಾರ್ನೆಗಿ ಮೆಲನ್‌ನಂಥ ವಿಶ್ವವಿದ್ಯಾಲಯದ ಜಾಲವೇ ಅದರಿಂದ ಏದುಸಿರು ಬಿಟ್ಟು, ಜಾಲದಲ್ಲಿ ಡೂಮ್ ಆಡಬೇಡಿ ಎಂದು ಅಲ್ಲಿಯ ಉಸ್ತುವಾರಿಗಳು ಬೇಡಿಕೊಳ್ಳಬೇಕಾಯಿತು.

ಇದಕ್ಕೆ ಪರಿಹಾರ 1996ರಲ್ಲಿ ಅದೇ ತಂಡದ ‘ಕ್ವೇಕ್’ ಆಟದಲ್ಲಿ ಬಂತು. ಆಟದ ಲೋಕವನ್ನು ಒಂದು ಸರ್ವರ್ ಇಟ್ಟುಕೊಳ್ಳುತ್ತದೆ. ಆಡುವವರ ಯಂತ್ರ ‘ನಾನು ಹೀಗೆ ತಿರುಗಿದೆ, ಗುಂಡು ಹಾರಿಸಿದೆ’ ಎಂದು ಅದಕ್ಕೆ ಹೇಳುತ್ತದೆ. ಏನಾಯಿತು ಎಂಬ ತೀರ್ಪು ಸರ್ವರಿನದು. ಆ ವರ್ಷದ ಕೊನೆಗೆ ಜಾನ್ ಕಾರ್ಮ್ಯಾಕ್ ತಂದ ‘ಕ್ವೇಕ್‌ವರ್ಲ್ಡ್’ ಇನ್ನೊಂದು ಉಪಾಯ ಸೇರಿಸಿತು. ಸರ್ವರಿನ ಉತ್ತರ ಬರುವ ಮೊದಲೇ ನಿಮ್ಮ ಯಂತ್ರ ಅದನ್ನು ಊಹಿಸಿ ತೋರಿಸಿಬಿಡುತ್ತದೆ, ತಪ್ಪಾದರೆ ಆಮೇಲೆ ತಿದ್ದಿಕೊಳ್ಳುತ್ತದೆ. ನಿಧಾನದ ಮೋಡೆಮ್‌ನಲ್ಲೂ ಆಟ ಆಡುವಂತಾದದ್ದು ಇದರಿಂದ. ಇವೆಲ್ಲಕ್ಕಿಂತ ಮುಖ್ಯವಾದ ಮಾತೆಂದರೆ ಸರ್ವರ್ ಪ್ರೋಗ್ರಾಂ ಅನ್ನು ಕಂಪನಿ ಆಡುವವರ ಕೈಗೇ ಕೊಟ್ಟಿತು. ಬೇಕಾದವರು ತಮ್ಮ ಮನೆಯ ಯಂತ್ರದಲ್ಲೇ ಅದನ್ನು ನಡೆಸಬಹುದಿತ್ತು.

ಹೀಗೆ ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಮನೆಯ ಸರ್ವರಿಗೆ ಬೇಕಾದ ಎರಡೂ ಕಸುಬು ಸಿದ್ಧವಾಗಿದ್ದವು. ನಮ್ಮ ಭಾಷೆ ಮಾತ್ರ ಆ ಹೋಟೆಲಿನೊಳಗೆ ಬರಲು ಇನ್ನೂ ಕೆಲವು ವರ್ಷ ಕಾಯಬೇಕಾಯಿತು. ವಿಂಡೋಸ್‌ನಲ್ಲಿ ಕನ್ನಡ ಯುನಿಕೋಡ್ ಬಂದದ್ದು 2001ರ ಎಕ್ಸ್‌ಪಿಯಲ್ಲಿ. ಸಾಂಬಾ ಯುನಿಕೋಡ್ ಕಲಿತದ್ದು 2003ರ ಸೆಪ್ಟೆಂಬರಿನಲ್ಲಿ ಬಂದ ಮೂರನೆಯ ಆವೃತ್ತಿಯಲ್ಲಿ. ಅಲ್ಲಿಂದ ಮುಂದೆ ‘ಅಜ್ಜಿಯ ಹಾಡುಗಳು’ ಎಂದು ಹೆಸರಿಟ್ಟ ಫೋಲ್ಡರ್ ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋದರೂ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗದೆ ಉಳಿಯಿತು.

ಆದರೆ ಕದ್ದು ಕೇಳಿ ಕಲಿತ ಭಾಷೆಗೆ ಒಂದು ಕೊರತೆ ಇದ್ದೇ ಇರುತ್ತದೆ. ಮಾತಾಡುವವರು ಮಾತು ಬದಲಿಸಿದರೆ ಮತ್ತೆ ಮೊದಲಿನಿಂದ ಕಿವಿಗೊಡಬೇಕು. ಮೈಕ್ರೋಸಾಫ್ಟ್ ಒಂದೊಂದು ವಿಂಡೋಸ್ ತಂದಾಗಲೂ ಹೊಸ ಪದ, ಹೊಸ ಗುಟ್ಟು ಸೇರುತ್ತಿತ್ತು. ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ 1998ರಲ್ಲಿ ಯುರೋಪಿಯನ್ ಆಯೋಗಕ್ಕೆ ದೂರು ಕೊಟ್ಟಿತು. 2004ರ ಮಾರ್ಚಿನಲ್ಲಿ ಆಯೋಗ ಮೈಕ್ರೋಸಾಫ್ಟಿಗೆ 49.7 ಕೋಟಿ ಯೂರೋ ದಂಡ ಹಾಕಿ, ಸರ್ವರುಗಳು ಮಾತಾಡುವ ಭಾಷೆಯ ವಿವರ ಹೊರಗಿಡಬೇಕೆಂದು ಆಜ್ಞೆ ಮಾಡಿತು. ಕಂಪನಿ ನ್ಯಾಯಾಲಯಕ್ಕೆ ಹೋಯಿತು. ಸಾಂಬಾ ಬರೆಯುತ್ತಿದ್ದವರು ಆಯೋಗದ ಪರ ನಿಂತರು. 2007ರ ಸೆಪ್ಟೆಂಬರ್ 17ರಂದು ಲಕ್ಸೆಂಬರ್ಗಿನ ನ್ಯಾಯಾಲಯ ಆಯೋಗದ ಆಜ್ಞೆಯನ್ನು ಎತ್ತಿಹಿಡಿಯಿತು. ಅದೇ ಡಿಸೆಂಬರಿನಲ್ಲಿ ಒಂದೇ ಸಲ ಕೊಡುವ 10,000 ಯೂರೋಗಳಿಗೆ ಆ ದಾಖಲೆಗಳು ಸಾಂಬಾ ತಂಡದ ಕೈಸೇರಿದವು. ಕೆಫೆಯ ಮೂಲೆಯಲ್ಲಿ ಹದಿನಾರು ವರ್ಷ ಕೂತವರಿಗೆ ಕೊನೆಗೂ ವ್ಯಾಕರಣ ಪುಸ್ತಕ ಸಿಕ್ಕಿತು.

ಕೋರ್ಟಿನ ತೀರ್ಪು ಬಂದ ಅದೇ 2007ರಲ್ಲಿ ಮೈಕ್ರೋಸಾಫ್ಟ್ ತಾನೇ ಮನೆಯ ಸರ್ವರ್ ಮಾರಲು ಹೊರಟಿತ್ತು. ಜನವರಿಯಲ್ಲಿ ಲಾಸ್ ವೇಗಸ್‌ನಲ್ಲಿ ಬಿಲ್ ಗೇಟ್ಸ್ ‘ವಿಂಡೋಸ್ ಹೋಮ್ ಸರ್ವರ್’ ಘೋಷಿಸಿದರು. ಅದರ ಪ್ರಚಾರಕ್ಕೆಂದು ಮಕ್ಕಳ ಚಿತ್ರಪುಸ್ತಕವೊಂದನ್ನೂ ಅಚ್ಚು ಹಾಕಿಸಿದರು. ಅಮ್ಮಾ, ನಮ್ಮ ಮನೆಯಲ್ಲಿ ಸರ್ವರ್ ಯಾಕಿದೆ ಎಂದು ಮಗು ಕೇಳುವುದೇ ಅದರ ಹೆಸರು. ಸರಕೂ ಚೆನ್ನಾಗಿಯೇ ಇತ್ತು. ಬೇರೆ ಬೇರೆ ಗಾತ್ರದ ಡಿಸ್ಕುಗಳನ್ನೆಲ್ಲ ಒಂದೇ ಉಗ್ರಾಣದಂತೆ ತೋರಿಸಿ, ಆಯ್ದ ಫೈಲುಗಳಿಗೆ ಇನ್ನೊಂದು ಡಿಸ್ಕಿನಲ್ಲಿ ಪ್ರತಿ ಇಡುತ್ತಿತ್ತು. ಆದರೆ ಡಿಸೆಂಬರ್ ಹೊತ್ತಿಗೆ, ಕೆಲವು ಪ್ರೋಗ್ರಾಂಗಳಿಂದ ನೇರವಾಗಿ ತಿದ್ದಿದ ಫೈಲುಗಳು ಕೆಡಬಹುದು ಎಂದು ಕಂಪನಿಯೇ ಒಪ್ಪಿಕೊಳ್ಳಬೇಕಾಯಿತು. ಸರಿಪಡಿಸಿದ್ದು ಮರುವರ್ಷದ ಜುಲೈನಲ್ಲಿ. 2010ರಲ್ಲಿ ಆ ಉಗ್ರಾಣದ ಸೌಲಭ್ಯವನ್ನೇ ಕೈಬಿಟ್ಟರು. 2012ರಲ್ಲಿ ಇನ್ನು ಹೊಸ ಆವೃತ್ತಿ ಬರುವುದಿಲ್ಲ ಎಂದರು.

ಆ ಹೊತ್ತಿಗೆ ಗಾಳಿ ಬೇರೆ ದಿಕ್ಕಿಗೆ ಬೀಸುತ್ತಿತ್ತು. ಮನೆಯಲ್ಲಿ ಯಾಕೆ ಸರ್ವರ್, ನಾವೇ ಇಟ್ಟುಕೊಳ್ಳುತ್ತೇವೆ ಕೊಡಿ ಎನ್ನುವ ಕಂಪನಿಗಳು ಬಂದಿದ್ದವು. 2015ರಲ್ಲಿ ಗೂಗಲ್ ಫೋಟೋಸ್ ಬಂದಾಗ, ಗಾತ್ರ ತುಸು ಕುಗ್ಗಿಸಿದ ಫೋಟೋಗಳನ್ನು ಎಷ್ಟು ಬೇಕಾದರೂ ಬಿಟ್ಟಿಯಾಗಿ ಇಡಬಹುದಿತ್ತು. ನಮ್ಮ ನಾಮಕರಣ, ಗೃಹಪ್ರವೇಶ, ಊರಹಬ್ಬ ಎಲ್ಲ ಅಲ್ಲಿಗೆ ಹೋದವು. 2021ರ ಜೂನ್ 1ರಿಂದ ಆ ಸೌಲಭ್ಯ ನಿಂತು, ಹೊಸ ಫೋಟೋಗಳೆಲ್ಲ 15 ಜಿಬಿಯ ಲೆಕ್ಕಕ್ಕೆ ಸೇರಿದವು. ಮೀರಿದರೆ ಬಾಡಿಗೆ. ಇದರಲ್ಲಿ ಮೋಸವೇನಿಲ್ಲ, ಮೊದಲೇ ಹೇಳಿಯೇ ನಿಲ್ಲಿಸಿದರು. ಆದರೆ ಬೇರೆಯವರ ಉಗ್ರಾಣದಲ್ಲಿ ಕಾಳು ಇಟ್ಟವನು ಅವರ ಷರತ್ತಿಗೆ ತಲೆಬಾಗಲೇಬೇಕು.

ಆಟಗಳಲ್ಲಿ ಇದು ಇನ್ನೂ ಕಟುವಾಗಿ ಕಂಡಿತು. 1998ರ ‘ಸ್ಟಾರ್‌ಕ್ರಾಫ್ಟ್’ ಅನ್ನು ಒಂದೇ ಕೋಣೆಯಲ್ಲಿ ತಂತಿ ಜೋಡಿಸಿ ಆಡಬಹುದಿತ್ತು. 2010ರಲ್ಲಿ ಬಂದ ಅದರ ಎರಡನೆಯ ಭಾಗದಲ್ಲಿ ಆ ದಾರಿ ಮುಚ್ಚಿತ್ತು. ಅಣ್ಣತಮ್ಮಂದಿರು ಒಂದೇ ಜಗಲಿಯಲ್ಲಿ ಕೂತಿದ್ದರೂ ಪಂದ್ಯ ಕಂಪನಿಯ ಸರ್ವರ್ ಮೂಲಕವೇ ಆಗಬೇಕು. 2014ರಲ್ಲಿ ಬಂದ ಕಾರು ಓಟದ ಆಟ ‘ದ ಕ್ರೂ’ ವಿಷಯದಲ್ಲಿ ಇದರ ಕೊನೆ ಏನೆಂಬುದೂ ತಿಳಿಯಿತು. 2024ರ ಮಾರ್ಚ್ 31ರಂದು ಕಂಪನಿ ಅದರ ಸರ್ವರ್ ನಿಲ್ಲಿಸಿತು. ದುಡ್ಡು ಕೊಟ್ಟು ಕೊಂಡವರಿಗೆ ಒಬ್ಬರೇ ಆಡಲೂ ಆಗಲಿಲ್ಲ. ಇದರ ವಿರುದ್ಧ ಎದ್ದ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿಗೆ ಯುರೋಪಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. 2009ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿದ ಮೈನ್‌ಕ್ರಾಫ್ಟ್ ಇದಕ್ಕೆ ವ್ಯತಿರಿಕ್ತ. 2014ರಲ್ಲಿ ಮೈಕ್ರೋಸಾಫ್ಟ್ ಅದನ್ನು 250 ಕೋಟಿ ಡಾಲರಿಗೆ ಕೊಂಡ ಮೇಲೂ ಸರ್ವರ್ ಪ್ರೋಗ್ರಾಂ ಉಚಿತವಾಗಿ ಸಿಗುತ್ತಿದೆ. ಮಗಳು ಕಟ್ಟಿದ ಚೌಕಚೌಕದ ಮನೆ ನಿಮ್ಮ ಡಿಸ್ಕಿನಲ್ಲಿದ್ದರೆ ಅದನ್ನು ಬೇರೆ ಯಾರೂ ಕೆಡವಲಾರರು.

ಹಾಗೆಂದು ಮನೆಯ ಸರ್ವರನ್ನು ಹಾಡಿ ಹೊಗಳುವುದೂ ಸರಿಯಲ್ಲ. 2017ರ ಮೇ 12ರಂದು ‘ವಾನ್ನಾಕ್ರೈ’ ಎಂಬ ಹುಳು ಬ್ರಿಟನ್ನಿನ ಆಸ್ಪತ್ರೆಗಳ ಕಂಪ್ಯೂಟರುಗಳನ್ನೂ ಸೇರಿಸಿ ಜಗತ್ತಿನ ತುಂಬ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳಿತು. ಅದು ಒಳನುಗ್ಗಿದ್ದು ಎಸ್ಎಂಬಿಯ ಮೊದಲ ಆವೃತ್ತಿಯಲ್ಲಿದ್ದ ಕಂಡಿಯಿಂದ. ಎರಡು ತಿಂಗಳ ಮೊದಲೇ ತೇಪೆ ಬಂದಿದ್ದರೂ ಬಹಳ ಕಡೆ ಹಾಕಿಕೊಂಡಿರಲಿಲ್ಲ. ಅದೇ ತಿಂಗಳು ಸಾಂಬಾದಲ್ಲೂ ಏಳು ವರ್ಷದಿಂದ ಅಡಗಿದ್ದ ಒಂದು ದೊಡ್ಡ ದೋಷ ಬಯಲಾಯಿತು. ಮನೆಗೆ ಸರ್ವರ್ ತಂದವರು ಅವನ ಆರೋಗ್ಯವನ್ನೂ ನೋಡಿಕೊಳ್ಳಬೇಕು. ಹೊಸ ಆವೃತ್ತಿ ಬಂದಾಗ ಹಾಕಬೇಕು. ಎಸ್ಎಂಬಿಯ ಬಾಗಿಲನ್ನು ನೇರವಾಗಿ ಇಂಟರ್ನೆಟ್ಟಿಗೆ ತೆರೆದಿಡಬಾರದು. ಹೊರಗಿರುವ ಮಕ್ಕಳಿಗೆ ಬೇಕೆಂದರೆ ‘ವೈರ್‌ಗಾರ್ಡ್’ನಂಥ ಸುರಂಗ ತೋಡಬೇಕು. ಎರಡು ಡಿಸ್ಕಿನಲ್ಲಿ ಒಂದೇ ಫೈಲ್ ಇದ್ದರೆ ಸಾಲದು, ಒಂದು ಪ್ರತಿ ಇನ್ನೊಂದು ಮನೆಯಲ್ಲಿರಬೇಕು. ಅದಕ್ಕೆ ಬಹಳ ಜನ ಬಳಸುವ ‘ಆರ್‌ಸಿಂಕ್’ ಕೂಡ 1996ರಲ್ಲಿ ಟ್ರಿಜೆಲ್ ತನ್ನ ಗೆಳೆಯ ಪಾಲ್ ಮ್ಯಾಕರಸ್ ಜೊತೆ ಬರೆದದ್ದೇ.

ಇಷ್ಟೆಲ್ಲ ರಗಳೆ ಬೇಡವೆಂದು ಕಂಪನಿಯ ಉಗ್ರಾಣಕ್ಕೇ ಬಾಡಿಗೆ ಕಟ್ಟುವವರನ್ನು ತಪ್ಪೆನ್ನಲಾಗದು. ನಿತ್ಯ ಮನೆಯಲ್ಲಿ ಅಡುಗೆ ಮಾಡಲು ಎಲ್ಲರಿಗೂ ಪುರುಸೊತ್ತಿಲ್ಲ. ಆದರೆ ಮಾಡಬೇಕೆನಿಸಿದ ದಿನ ಒಲೆ ಮನೆಯಲ್ಲಿರಬೇಕಲ್ಲ? ಆ ಒಲೆಯನ್ನು ಉಳಿಸಿಕೊಟ್ಟವರು ಹೋಮ್ ಸರ್ವರ್ ಮಾರಹೊರಟ ಕಂಪನಿಯವರಲ್ಲ. ಹೆಂಡತಿಯ ಪಿಸಿಗೆ ತನ್ನ ಯಂತ್ರ ಜೋಡಿಸಹೊರಟ ಒಬ್ಬ ವಿದ್ಯಾರ್ಥಿ, ಸರ್ವರ್ ಪ್ರೋಗ್ರಾಂ ಅನ್ನು ಆಡುವವರ ಕೈಗೇ ಕೊಟ್ಟ ಆಟ ಕಟ್ಟುವವರು, ಭಾಷೆಯನ್ನು ಗುಟ್ಟಾಗಿಡುವಂತಿಲ್ಲ ಎಂದ ನ್ಯಾಯಾಧೀಶರು. ಮುಂದಿನ ಭಾನುವಾರ ಅಟ್ಟದ ಮೇಲಿನ ಹಳೆಯ ಲ್ಯಾಪ್‌ಟಾಪ್ ಕೆಳಗಿಳಿಸಿ ಧೂಳು ಒರೆಸುವವರು, ಮೊದಲ ಫೈಲ್ ಅತ್ತಿಂದಿತ್ತ ಹೋದಾಗ, ಅವರನ್ನೆಲ್ಲ ಒಮ್ಮೆ ನೆನೆಯಬಹುದು.