ಗೊಟಗೋಡಿಗೆ ಬಂದ ವಿಶ್ವವಿದ್ಯಾಲಯ

ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರು ಕಾಲೇಜು ಓದಲು ಧಾರವಾಡಕ್ಕೆ ಹೋದರು, ಅಲ್ಲಿಂದ ಆಕ್ಸ್‌ಫರ್ಡ್‌ಗೆ. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯೂ ಆದರು. ಅವರ ಹುಟ್ಟೂರಿರುವ ಹಾವೇರಿ ಸೀಮೆಗೆ ಮಾತ್ರ ವಿಶ್ವವಿದ್ಯಾಲಯ ಬರಲು 2011ರವರೆಗೆ ಕಾಯಬೇಕಾಯಿತು. ಆ ವರ್ಷ ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ, ಪುಣೆ–ಬೆಂಗಳೂರು ಹೆದ್ದಾರಿಯ ಮಗ್ಗುಲಲ್ಲಿ, ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ನೆಲೆಗೊಂಡಿತು. ಅಂಬಳಿಕೆ ಹಿರಿಯಣ್ಣನವರು ಮೊದಲ ಕುಲಪತಿ.

ಈ ಸೀಮೆಗೆ ಇನ್ನಾವ ವಿಶ್ವವಿದ್ಯಾಲಯ ಬಂದಿದ್ದರೂ ಇಷ್ಟು ಹೊಂದುತ್ತಿರಲಿಲ್ಲ. ಇಲ್ಲಿ ವಿದ್ಯೆ ಎಂದೂ ಶಾಲೆಯ ಕಟ್ಟಡದೊಳಗಷ್ಟೇ ಇರಲಿಲ್ಲ. ಬಾಡ ಕನಕದಾಸರ ಊರು. ಶಿಶುನಾಳದ ಶರೀಫರು ಮಾಸ್ತರಿಕೆ ಬಿಟ್ಟು ಕಳಸದ ಗೋವಿಂದಭಟ್ಟರ ಹಿಂದೆ ನಡೆದವರು. ಹಿರೇಕೆರೂರು ಕಡೆಯ ಅಬಲೂರು ಸರ್ವಜ್ಞನ ಹೆಸರನ್ನು ಇಂದಿಗೂ ತನ್ನದೆಂದು ಹೇಳಿಕೊಳ್ಳುತ್ತದೆ. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಅಂಧ ಬಾಲಕನೊಬ್ಬನ ಕಂಠವನ್ನು ಗುರುತಿಸಿದವರು ಹಾನಗಲ್ಲ ಕುಮಾರಸ್ವಾಮಿಗಳು. ಆ ಬಾಲಕನೇ ಪಂಚಾಕ್ಷರ ಗವಾಯಿಗಳು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ಅದೇ ತಾಲೂಕಿನವರು. ಈ ಗುರುಶಿಷ್ಯರು ನಡೆಸಿದ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ನೂರಾರು ಮಕ್ಕಳು ಸಂಗೀತ ಕಲಿತು ಬಾಳು ಕಟ್ಟಿಕೊಂಡದ್ದರ ಬೇರು ಈ ಮಣ್ಣಿನಲ್ಲಿದೆ.

ಗೊಟಗೋಡಿಯ ಅಂಗಳದಲ್ಲಿ ಇಂದು ಜಾನಪದದ ಸ್ನಾತಕೋತ್ತರ ತರಗತಿಗಳಿವೆ, ಸಂಶೋಧನೆಯಿದೆ, ಪುಸ್ತಕ ಪ್ರಕಟಣೆಯಿದೆ. ಸನಿಹದಲ್ಲೇ ಕಲಾವಿದ ಟಿ. ಬಿ. ಸೊಲಬಕ್ಕನವರ ಕನಸಿನ ಉತ್ಸವ ರಾಕ್ ಗಾರ್ಡನ್ ಇದೆ. ಹಳ್ಳಿಯ ಬದುಕನ್ನು ಮನುಷ್ಯ ಗಾತ್ರದ ಶಿಲ್ಪಗಳಲ್ಲಿ ನಿಲ್ಲಿಸಿದ ತಾಣ ಅದು. ಇತ್ತ ಹಾವೇರಿ ಬಳಿಯ ಕೆರಿಮತ್ತಿಹಳ್ಳಿಯಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದದ್ದು 2023ರಲ್ಲಿ ಹಾವೇರಿ ವಿಶ್ವವಿದ್ಯಾಲಯವಾಯಿತು.

ಆದರೆ ಜಾನಪದಕ್ಕೆ ಕಾಲದ ಒತ್ತಡವಿದೆ. ಒಕ್ಕುವ ಯಂತ್ರ ಬಂದ ಮೇಲೆ ಕಣವಿಲ್ಲ, ಕಣವಿಲ್ಲದ ಮೇಲೆ ಎತ್ತುಗಳಿಂದ ತೆನೆ ತುಳಿಸುತ್ತ ಹಾಡುವ ಹಂತಿಯ ಹಾಡಿಗೆ ಜಾಗವಿಲ್ಲ. ಗಿರಣಿ ಬಂದಾಗ ಬೀಸುವ ಪದಕ್ಕೂ ಹೀಗೇ ಆಯಿತು. ಇವನ್ನು ನೆನಪಿನಲ್ಲಿಟ್ಟುಕೊಂಡ ಅಜ್ಜಿಯರು, ಹಂತಿ ಹೊಡೆದ ಮುದುಕರು ಊರೂರಲ್ಲಿ ಕೆಲವರು ಉಳಿದಿದ್ದಾರೆ. ಅವರ ದನಿಯನ್ನು ದಾಖಲಿಸುವುದು ಒಂದು ಕೆಲಸ. ಅವರನ್ನೇ ತರಗತಿಗೆ ಕರೆತಂದು, ಪದವಿ ಪತ್ರ ಕೇಳದೆ, ಅಧ್ಯಾಪಕರಿಗೆ ಸಲ್ಲುವ ಗೌರವಧನ ಕೊಟ್ಟು ಮಕ್ಕಳಿಗೆ ಕಲಿಸಲು ಕೂರಿಸುವುದು ಅದಕ್ಕಿಂತ ದೊಡ್ಡ ಕೆಲಸ. ಮುಂದಿನ ಕಟ್ಟಡಕ್ಕೆ ಅಡಿಗಲ್ಲು ಹಾಕುವ ಮೊದಲು ಇದಕ್ಕೆ ಹಣ ತೆಗೆದಿಡಬೇಕು.